ಕಾಲುಂಗುರ ಬಿಗಿಯಾದ ವರ್ಷ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿಬಜಾರಿನ ಹೂವಿನವರು ತಲೆ ಎತ್ತಿ ನೋಡುವುದೇ ಇಲ್ಲ. ಕೈ ಕಟ್ಟುತ್ತಲೇ ಇರುತ್ತದೆ, ಬಾಯಿ ರೇಟು ಹೇಳುತ್ತಲೇ ಇರುತ್ತದೆ. ಕಳೆದ ಆಗಸ್ಟಿನ ಆ ಗುರುವಾರ ಮಧ್ಯಾಹ್ನ ಒಬ್ಬ ಹೂವಿನಮ್ಮ ಸೇವಂತಿಗೆ ಅಳೆಯುತ್ತಾ ಲೆಕ್ಕ ತಪ್ಪಿದರು. ಒಂದು ಮಾರು ಅಂದರು. ಮತ್ತೆ ಒಂದು ಮಾರು ಅಂದರು. ಮೂರನೇ ಸಲವೂ ಒಂದೇ. ಮೈಯೆಲ್ಲ ಬೆವರು. ಪಕ್ಕದ ನಿಂಬೆಹಣ್ಣಿನವನು "ಏನಕ್ಕಾ, ಏನಾಯ್ತು?" ಅನ್ನುವಷ್ಟರಲ್ಲಿ ಬುಟ್ಟಿಯ ಮೇಲೆಯೇ ಒರಗಿಬಿಟ್ಟರು.

ನನ್ನ ಕ್ಲಿನಿಕ್ ಅಲ್ಲಿಂದ ಎರಡು ರಸ್ತೆ ಆಚೆ. ಆಟೋದಲ್ಲಿ ಹಾಕಿಕೊಂಡು ಬಂದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಬರೀ 46. ನುಂಗುವ ಸ್ಥಿತಿಯಲ್ಲಿ ಇರಲಿಲ್ಲ, ಹಾಗಾಗಿ ನರಕ್ಕೇ ಗ್ಲೂಕೋಸ್ ಕೊಟ್ಟೆ. ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಅಂಗಡಿ ಹತ್ರ ಯಾರಿದಾರೆ?"

ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಶುಗರ್ ಮಾತ್ರೆ ಮಾತ್ರ ನುಂಗಿದ್ದಾರೆ, ಅದಕ್ಕೇ ಹೀಗಾಯ್ತು ಎಂದು ಜೊತೆಗೆ ಬಂದವರೆಲ್ಲ ತೀರ್ಮಾನ ಮಾಡಿದರು. ನಾನೂ ಅಷ್ಟಕ್ಕೇ ಬಿಡುತ್ತಿದ್ದೆನೇನೋ. ಆದರೆ ಗಾರ್ಮೆಂಟ್ಸ್ ಕೆಲಸದಿಂದ ಓಡಿ ಬಂದ ಮಗಳು ಒಂದು ಮಾತು ಹೇಳಿದಳು. "ಆರು ತಿಂಗಳಿಂದ ಅಮ್ಮನ ಶುಗರ್ ತುಂಬಾ ಚೆನ್ನಾಗಿದೆ ಮೇಡಂ. ಮೊದಲೆಲ್ಲ 250, 300 ಇರ್ತಿತ್ತು. ಈಗ ಯಾವಾಗ ನೋಡಿದ್ರೂ 100, 110. ಊಟ ಸೇರಲ್ಲ, ಅದೊಂದೇ."

ನನಗೆ ದಿಗಿಲಾಗಿದ್ದು ಆಗ. ಆರು ವರ್ಷದಿಂದ ಅದೇ ಮಾತ್ರೆ, ಅದೇ ಹಬ್ಬ, ಅದೇ ಉಪವಾಸ. ಡಯಟ್ ಇಲ್ಲ, ವಾಕಿಂಗ್ ಇಲ್ಲ. ಮತ್ತೆ ಸಕ್ಕರೆ ತಾನಾಗಿಯೇ ಇಳಿಯುವುದು ಹೇಗೆ? ಒಳಗೆ ಏನೋ ಕೆಟ್ಟಿದೆ ಎಂದೇ ಅರ್ಥ. ದೇಹದಲ್ಲಿ ಕೆಲಸ ಮುಗಿಸಿದ ಇನ್ಸುಲಿನ್‌ನ ಒಂದು ಪಾಲನ್ನು ಕಿಡ್ನಿ ತೆಗೆದುಹಾಕುತ್ತದೆ. ಅವರು ನುಂಗುತ್ತಿದ್ದ ಗ್ಲಿಮೆಪಿರೈಡ್ ಮಾತ್ರೆಯ ಅಂಶವೂ ಹೊರಗೆ ಹೋಗುವುದಕ್ಕೆ ಕಿಡ್ನಿಯೇ ಬೇಕು. ಕಿಡ್ನಿ ಸೋತರೆ ಎರಡೂ ರಕ್ತದಲ್ಲೇ ಉಳಿಯುತ್ತವೆ. ನಿನ್ನೆಯ ಮಾತ್ರೆ ಇವತ್ತೂ ಕೆಲಸ ಮಾಡುತ್ತಿರುತ್ತದೆ. ಮನೆಯವರು "ಶುಗರ್ ಕಂಟ್ರೋಲಿಗೆ ಬಂತು" ಎಂದು ಖುಷಿಪಡುತ್ತಾರೆ.

ಇಂಥ ಮಾತ್ರೆಯಿಂದ ಇಳಿದ ಸಕ್ಕರೆ ಏರಿದ ಮೇಲೂ ಮತ್ತೆ ಬೀಳಬಹುದು, ಒಂದು ದಿನವಾದರೂ ಕಣ್ಣಿಟ್ಟಿರಬೇಕು. ಆಸ್ಪತ್ರೆಗೆ ಸೇರಿಸಲು ಬರೆದುಕೊಟ್ಟೆ. "ಹಬ್ಬ ಮುಗಿಸ್ಕೊಂಡು ಹೋಗ್ತೀನಿ ಡಾಕ್ಟ್ರಮ್ಮ" ಎಂದರು. ಮಗಳು ಬೈದು ಕರೆದುಕೊಂಡು ಹೋದಳು.

(ಇವರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದರು. ಹಾಗಾಗಿ ಇಲ್ಲಿ ಹೂವಿನಮ್ಮ ಎಂದೇ ಇರಲಿ. ವಯಸ್ಸು 54.)

ಶನಿವಾರ ಮಗಳು ಒಂದು ಪ್ಲಾಸ್ಟಿಕ್ ಕವರ್ ತಂದು ಟೇಬಲ್ ಮೇಲೆ ಇಟ್ಟಳು. ಬಟ್ಟೆ ಅಂಗಡಿಯ ಹಳೇ ಕವರ್, ಹಿಡಿ ಕಿತ್ತಿತ್ತು. ಬೆಂಗಳೂರಿನಲ್ಲಿ ಇಂಥ ಕವರ್ ಇಲ್ಲದ ಮನೆ ಇದೆಯೇ? ದೇವರ ಮನೆಯ ಗೂಡಿನಲ್ಲೋ ಬೀರುವಿನ ತಲೆಯ ಮೇಲೋ ಇರುತ್ತದೆ. ಅದರಲ್ಲಿ ಚೀಟಿ, ರಿಪೋರ್ಟು, ಖಾಲಿ ಸ್ಟ್ರಿಪ್ಪು, ಯಾವುದೋ ಮದುವೆಯ ಇನ್ವಿಟೇಶನ್ನು. ಆಸ್ಪತ್ರೆಯ ರಿಪೋರ್ಟ್ ಮೇಲೆಯೇ ಇತ್ತು. ಕ್ರಿಯಾಟಿನಿನ್ 2.6. ಪೊಟ್ಯಾಶಿಯಂ 5.6. ಹಿಮೋಗ್ಲೋಬಿನ್ 8.4. ಬಿಪಿ 178/104. ನಾಲ್ಕೂ ಸರಿಯಿಲ್ಲ. ಉಳಿದ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸುತ್ತಾ ಕುಳಿತೆ. ಮಧ್ಯಾಹ್ನದ ಊಟ ಆರಿಹೋಯಿತು.

ಎಲ್ಲಕ್ಕಿಂತ ಹಳೆಯದು ಆರು ವರ್ಷದ ಹಿಂದಿನ ಆರೋಗ್ಯ ಶಿಬಿರದ ಕಾರ್ಡು. ಸಕ್ಕರೆ 280, ಬಿಪಿ 160/100. ಎರಡಕ್ಕೂ ಮಾತ್ರೆ ಬರೆದಿದ್ದಾರೆ. ಶುಗರ್ ಮಾತ್ರೆ ಬಿಡಲಿಲ್ಲ. ಬಿಪಿ ಮಾತ್ರೆ ಮೂರು ತಿಂಗಳಿಗೇ ನಿಂತಿದೆ. ಯಾಕೆಂದು ಆಮೇಲೆ ಕೇಳಿದಾಗ ಹೂವಿನಮ್ಮ ಹೇಳಿದ್ದು: "ತಲೆ ಸುತ್ತೋದು ನಿಂತಿತ್ತಲ್ಲ, ಬಿಪಿ ಹೋಯ್ತು ಅಂದ್ಕೊಂಡೆ." ಬಿಪಿ 180 ಇದ್ದರೂ ಎಷ್ಟೋ ಜನಕ್ಕೆ ತಲೆ ಸುತ್ತುವುದಿಲ್ಲ, ನೋಯುವುದಿಲ್ಲ, ಏನೂ ಆಗುವುದಿಲ್ಲ. ಅಳೆದು ನೋಡದೆ ಗೊತ್ತಾಗುವ ಕಾಯಿಲೆಯೇ ಅಲ್ಲ ಅದು.

ಆಮೇಲಿನದು ಮಂಡಿ ನೋವಿನ ಚೀಟಿ. ಮೂಳೆ ಡಾಕ್ಟರು ಅಸೆಕ್ಲೋಫೆನಾಕ್ ಬರೆದಿದ್ದಾರೆ, ಹತ್ತು ದಿನಕ್ಕೆ. ಹತ್ತು ದಿನ ಎಂದು ಕೆಳಗೆ ಗೆರೆ ಬೇರೆ ಎಳೆದಿದ್ದಾರೆ. ಆದರೆ ಕವರಿನಲ್ಲಿ ಅದೇ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದವು. ಎಣಿಸಿದೆ, 31. "ಮೆಡಿಕಲ್ ಸ್ಟೋರಲ್ಲಿ ಹೆಸರು ಹೇಳೋಕೆ ಬರಲ್ಲ, ಅದಕ್ಕೆ ಸ್ಟ್ರಿಪ್ ತೋರಿಸಿ ಇದೇ ಕೊಡಿ ಅಂತೀನಿ" ಎಂದರು. ಮೂರು ವರ್ಷ ನಡೆದಿದೆ ಈ ವ್ಯವಹಾರ. ಹಬ್ಬದ ವಾರ ಬೆಳಿಗ್ಗೆ ಒಂದು, ರಾತ್ರಿ ಒಂದು.

ನೋವಿನ ಮಾತ್ರೆ ಕಿಡ್ನಿಗೆ ಯಾಕೆ ಕೆಟ್ಟದ್ದು ಎಂದು ಬಹಳ ಜನ ಕೇಳುತ್ತಾರೆ. ಕಿಡ್ನಿಯೊಳಗೆ ರಕ್ತ ತರುವ ಸಣ್ಣ ನಾಳಗಳನ್ನು ತೆರೆದಿಡುವುದಕ್ಕೆ ದೇಹ ಒಂದು ರಾಸಾಯನಿಕ ತಯಾರಿಸುತ್ತದೆ. ಮಂಡಿಯಲ್ಲಿ ನೋವು, ಊತ ಹುಟ್ಟಿಸುವುದೂ ಅದೇ ಜಾತಿಯ ರಾಸಾಯನಿಕ. ಮಾತ್ರೆ ಎರಡು ಕಡೆಯೂ ಅದನ್ನು ನಿಲ್ಲಿಸುತ್ತದೆ. ಮಂಡಿಗೆ ಆರಾಮ, ಕಿಡ್ನಿಗೆ ರಕ್ತ ಕಮ್ಮಿ. ಗಟ್ಟಿ ಕಿಡ್ನಿ ನಾಲ್ಕು ದಿನ ತಡೆದುಕೊಳ್ಳುತ್ತದೆ. ಶುಗರ್ ಮತ್ತು ಬಿಪಿಯಿಂದ ಮೊದಲೇ ಸೊರಗಿದ ಕಿಡ್ನಿ ತಡೆಯುವುದಿಲ್ಲ. ಅದರ ಮೇಲೆ ಮೈಯಲ್ಲಿ ನೀರೂ ಕಮ್ಮಿ ಇದ್ದರೆ ಮುಗೀತು. ಹೂವಿನಮ್ಮ ಬೆಳಗಿನ ಜಾವ ನಾಲ್ಕಕ್ಕೆ ಸಿಟಿ ಮಾರ್ಕೆಟ್‌ಗೆ ಹೋಗಿ, ಏಳಕ್ಕೆ ಗಾಂಧಿಬಜಾರಿಗೆ ಬಂದು ಕೂತರೆ ರಾತ್ರಿ ಎಂಟರವರೆಗೆ ಅಲ್ಲೇ. ನೀರು ಯಾಕೆ ಕುಡಿಯಲ್ಲ ಎಂದು ಕೇಳಿದೆ. ನನ್ನ ಮುಖ ನೋಡಿ ನಕ್ಕರು. "ಕುಡಿದ್ರೆ ಹೋಗೋದೆಲ್ಲಿಗೆ ಡಾಕ್ಟ್ರಮ್ಮ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನವು ಕನ್ನಡಕದ ಅಂಗಡಿಯ ಎರಡು ಬಿಲ್ಲು, ಎಂಟು ತಿಂಗಳಲ್ಲಿ ಎರಡು ಸಲ ನಂಬರ್ ಬದಲಾಗಿದೆ. ಅದಕ್ಕೆ ಪಿನ್ ಮಾಡಿದ ಮಿಂಟೋ ಕಣ್ಣಾಸ್ಪತ್ರೆಯ ಚೀಟಿ. ಅಲ್ಲಿಯವರು ಡ್ರಾಪ್ಸ್ ಹಾಕಿ ಒಳಗೆ ನೋಡಿ, ಸಕ್ಕರೆಯಿಂದ ರೆಟಿನಾದ ರಕ್ತನಾಳ ಹಾಳಾಗಿದೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಫಿಸಿಶಿಯನ್ ಹತ್ತಿರ ತೋರಿಸಿ ಎಂದೂ ಬರೆದಿದ್ದಾರೆ. ತೋರಿಸಿಲ್ಲ. ಕಣ್ಣಿನ ಹಿಂದಿನ ನಾಳವೂ ಕಿಡ್ನಿಯ ನಾಳವೂ ಕೂದಲಿಗಿಂತ ತೆಳು, ಸಕ್ಕರೆಗೆ ಮೊದಲು ಸಿಗುವವು ಇವೇ. ಸಕ್ಕರೆಯವರ ಕಣ್ಣಿನಲ್ಲಿ ಇಂಥ ತೊಂದರೆ ಕಂಡರೆ ಆ ವಾರವೇ ಮೂತ್ರ ಪರೀಕ್ಷೆ ಆಗಬೇಕು.

ಎರಡು ವರ್ಷದ ಹಿಂದಿನ ಒಂದು ರಕ್ತ ಪರೀಕ್ಷೆ ಸಿಕ್ಕಿತು. ನನಗೆ ಅತಿ ಮುಖ್ಯ ಅನ್ನಿಸಿದ್ದು ಇದು. ಜ್ವರಕ್ಕೆಂದು ಮಾಡಿಸಿದ್ದು, ಡೆಂಗಿ ಇಲ್ಲ ಎಂದು ಬಂದ ಮೇಲೆ ಯಾರೂ ಮುಂದಿನ ಹಾಳೆ ತಿರುಗಿಸಿಲ್ಲ. ಕ್ರಿಯಾಟಿನಿನ್ 1.3. ಲ್ಯಾಬಿನವರು 1.1ರವರೆಗೆ ಸರಿ ಎಂದು ಪಕ್ಕದಲ್ಲಿ ಮುದ್ರಿಸಿದ್ದರು. ಸ್ವಲ್ಪ ಜಾಸ್ತಿ ಅಷ್ಟೇ ಅಲ್ವಾ?

ಅಲ್ಲ. ಕ್ರಿಯಾಟಿನಿನ್ ನಮ್ಮ ಸ್ನಾಯುಗಳಿಂದ ದಿನಾ ಹುಟ್ಟುವ ಕಸ. ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಮೈಕಟ್ಟು ಗಟ್ಟಿಯಿರುವ 25ರ ಹುಡುಗನಿಗೆ 1.3 ಬಂದರೆ ಲೆಕ್ಕದಲ್ಲಿ ಅವನ ಇಜಿಎಫ್‌ಆರ್ 78 ಬರುತ್ತದೆ, ಅಂಥ ಗಾಬರಿ ಬೇಡ. ಅದೇ 1.3 ಐವತ್ತೆರಡರ ಹೆಂಗಸಿಗೆ ಬಂದರೆ 49. ಇಜಿಎಫ್‌ಆರ್ ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ ನೀರು ಸೋಸುತ್ತದೆ ಎಂಬ ಅಂದಾಜು. 90ರ ಮೇಲಿದ್ದರೆ ಚೆನ್ನ. ಮೂರು ತಿಂಗಳಿಗಿಂತ ಜಾಸ್ತಿ ಕಾಲ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ. 15ಕ್ಕಿಂತ ಕೆಳಗೆ ಹೋದರೆ ಕಿಡ್ನಿ ಕೈಬಿಟ್ಟ ಹಾಗೆ. ಅಂದರೆ ಎರಡು ವರ್ಷದ ಹಿಂದೆಯೇ ಇವರ ಕಿಡ್ನಿಯ ಶಕ್ತಿ ಅರ್ಧಕ್ಕೆ ಇಳಿದಿತ್ತು. ಈಗ 2.6 ಎಂದರೆ 21. ನಾಲ್ಕನೇ ಹಂತ. ಇರುವುದೇ ಐದು.

ಕಿಡ್ನಿ ನೋಯುವುದಿಲ್ಲ. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ. ಕೆಲವು ಸತ್ತರೆ ಉಳಿದವು ಅವುಗಳ ಕೆಲಸವನ್ನೂ ಮಾಡುತ್ತವೆ, ದೂರು ಹೇಳುವುದಿಲ್ಲ.

ಇನ್ನೂ ಎರಡು ಕಾಗದ ಇದ್ದವು. ಒಂದು ಮೈ ತುರಿಕೆಗೆ ಚರ್ಮದ ಡಾಕ್ಟರು ಕೊಟ್ಟ ಮುಲಾಮು. ಇನ್ನೊಂದು ಸುಸ್ತಿಗೆ, ಹಿಮೋಗ್ಲೋಬಿನ್ 8.9 ಇದ್ದಿದ್ದಕ್ಕೆ ಬರೆದ ಐರನ್ ಟಾನಿಕ್. ಅಕ್ಷರ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡೆ. ನನ್ನದೇ. ಹತ್ತು ತಿಂಗಳ ಹಿಂದಿನದು.

ನೆನಪಿಗೆ ಬಂತು. ಸಂಜೆ ಏಳೂವರೆ, ಹೊರಗೆ ಹದಿನೈದು ಜನ ಕಾಯುತ್ತಿದ್ದರು. ಹೂವಿನ ಕೆಲಸದ ಹೆಂಗಸು, ಮುಖ ಬಿಳಿಚಿದೆ, ಸರಿಯಾಗಿ ಊಟ ಮಾಡಿರಲ್ಲ ಎಂದುಕೊಂಡು ಟಾನಿಕ್ ಬರೆದೆ. ಸಕ್ಕರೆ ಇದೆಯಾ ಎಂದು ಕೇಳಿದ್ದೆ, ಕಂಟ್ರೋಲಲ್ಲಿದೆ ಅಂದಿದ್ದರು. ಮುಟ್ಟು ನಿಂತ ಹೆಂಗಸಿಗೆ ಇಷ್ಟು ರಕ್ತ ಕಮ್ಮಿ ಯಾಕಾಯ್ತು ಎಂದು ನಾನು ಕೇಳಿಕೊಳ್ಳಬೇಕಿತ್ತು. ಮೂಳೆ ಮಜ್ಜೆಗೆ ರಕ್ತ ಮಾಡು ಎಂದು ಹೇಳುವ ಎರಿತ್ರೋಪೊಯೆಟಿನ್ ಹಾರ್ಮೋನು ಹುಟ್ಟುವುದು ಹೆಚ್ಚಾಗಿ ಕಿಡ್ನಿಯಲ್ಲಿ. ಕಿಡ್ನಿ ಬತ್ತಿದರೆ ಅದೂ ಬತ್ತುತ್ತದೆ. ಆಗ ಬರೀ ಐರನ್ ಕುಡಿಸಿದರೆ ಸಾಲದು. ಎರಡು ಬಾಟಲಿ ಟಾನಿಕ್ ಮುಗಿದಿತ್ತು, ಹಿಮೋಗ್ಲೋಬಿನ್ ಇನ್ನೂ ಇಳಿದಿತ್ತು. ಮಗಳ ಎದುರಿಗೇ ಒಪ್ಪಿಕೊಂಡೆ. ಅವಳು ಏನೂ ಅನ್ನಲಿಲ್ಲ. ಬೈದಿದ್ದರೆ ಸುಲಭ ಆಗುತ್ತಿತ್ತು.

ಹೂವಿನಮ್ಮ ಡಿಸ್ಚಾರ್ಜ್ ಆಗಿ ಬಂದ ಮೇಲೆ, ಚೀಟಿಯಲ್ಲಿ ಇಲ್ಲದ್ದೇನಾದರೂ ಇದೆಯಾ ಎಂದು ನಿಧಾನವಾಗಿ ಕೇಳಿದೆ. ಮೊದಲು ಇಲ್ಲ ಅಂದರು. ಆಮೇಲೆ ಕಾಲು ಮುಂದೆ ಚಾಚಿದರು. ಎರಡನೇ ಬೆರಳಿನ ಬೆಳ್ಳಿ ಕಾಲುಂಗುರ ಮಾಂಸದಲ್ಲಿ ಹೂತುಹೋಗಿತ್ತು. ಅಕ್ಕಪಕ್ಕ ಚರ್ಮ ಉಬ್ಬಿ ಮಿರಿಮಿರಿ ಹೊಳೆಯುತ್ತಿತ್ತು. ಒಂದೇ ವರ್ಷದಲ್ಲಿ ಮೂರು ಸಲ ಬೆಳ್ಳಿ ಅಂಗಡಿಗೆ ಹೋಗಿ ಅದರ ಬಾಯಿ ಅಗಲ ಮಾಡಿಸಿಕೊಂಡು ಬಂದಿದ್ದಾರೆ. ತೆಗೆದಿಡುವುದಕ್ಕೆ ಮನಸ್ಸಿಲ್ಲ, ಗಂಡ ಇದ್ದಾರೆ. ಅಂಗಡಿಯವನು "ದಪ್ಪ ಆಗಿದೀರಮ್ಮ" ಅಂದನಂತೆ. ದಪ್ಪ ಎಲ್ಲಿಂದ ಆಗಬೇಕು, ಊಟವೇ ಸೇರುತ್ತಿರಲಿಲ್ಲ. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹತ್ತು ಎಣಿಸಿದೆ. ಕೈ ತೆಗೆದರೆ ಗುಳಿ ಹಾಗೇ ನಿಂತಿತ್ತು. ಅದರಲ್ಲಿ ಒಂದು ಮೊಗ್ಗು ಇಡಬಹುದಿತ್ತು.

ಕಾಲು ಊದಿದರೆ ಎಲ್ಲ ಕಿಡ್ನಿಯೇ ಅಲ್ಲ. ದಿನವಿಡೀ ಕಾಲು ಇಳಿಬಿಟ್ಟು ಕೂತರೂ ಊದುತ್ತದೆ, ಕೆಲವು ಬಿಪಿ ಮಾತ್ರೆಗೂ ಊದುತ್ತದೆ. ಕಾಲು ಊದಿ, ಮಲಗಿದರೆ ಉಸಿರು ಕಟ್ಟಿ, ಎರಡು ದಿಂಬು ಬೇಕಾದರೆ ಮೊದಲು ಹೃದಯ ನೋಡಬೇಕು. ಹೊಟ್ಟೆಯಲ್ಲಿ ನೀರು ತುಂಬಿ ಕಣ್ಣು ಹಳದಿಯಾದರೆ ಲಿವರ್. ಥೈರಾಯ್ಡ್ ಕಮ್ಮಿಯಾದವರ ಊತ ಒತ್ತಿದರೆ ಸಾಮಾನ್ಯವಾಗಿ ಗುಳಿ ಬೀಳುವುದಿಲ್ಲ. ಒಂದೇ ಕಾಲು ದಿಢೀರನೆ ಊದಿ ನೋವು ಬಂದರೆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಕಿಡ್ನಿಯದಾದರೆ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ ಹೆಚ್ಚು, ಸಂಜೆ ಹೊತ್ತಿಗೆ ಕಾಲಿಗೆ ಇಳಿಯುತ್ತದೆ. ಹೂವಿನಮ್ಮನ ಮೊಮ್ಮಗ "ಅಜ್ಜಿ ಅತ್ತಿದೀಯಾ?" ಎಂದು ದಿನಾ ಬೆಳಿಗ್ಗೆ ಕೇಳುತ್ತಿದ್ದನಂತೆ.

ಕೊನೆಯದನ್ನು ಮಗಳನ್ನು ಹೊರಗೆ ಕಳಿಸಿದ ಮೇಲೆ ಹೇಳಿದರು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕು. ಹೋದರೆ ಸರ್ಫ್ ಹಾಕಿದ ಹಾಗೆ ನೊರೆ, ಎರಡು ಚೊಂಬು ನೀರು ಹಾಕಿದರೂ ಹೋಗುವುದಿಲ್ಲ. ಎಷ್ಟು ದಿನದಿಂದ? "ಎರಡು ಮೂರು ವರ್ಷ ಆಗಿರ್ಬೇಕು. ಇದನ್ನೆಲ್ಲ ಯಾರ ಹತ್ರ ಹೇಳೋದು?" ಆ ನೊರೆ ಪ್ರೋಟೀನಿನದು. ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿದರೆ 1,850 ಬಂತು. 30ರ ಒಳಗಿರಬೇಕು.

ಅವರಿಗೆ ಕಾಫಿ ಫಿಲ್ಟರ್ ಉದಾಹರಣೆ ಕೊಟ್ಟೆ. ತಟ್ಟೆಯ ಕೆಲವು ತೂತು ಹರಿದು ದೊಡ್ಡದಾದರೆ ಪುಡಿ ಡಿಕಾಕ್ಷನ್‌ಗೆ ಬೀಳುತ್ತದೆ. ಅದು ನೊರೆ. ಉಳಿದ ತೂತು ಕಟ್ಟಿಕೊಂಡರೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ಅದು ಕ್ರಿಯಾಟಿನಿನ್. ಎರಡೂ ಒಟ್ಟಿಗೆ ಆಗಿದೆ. "ಹೊಸ ಫಿಲ್ಟರ್ ತರೋಕಾಗಲ್ವಾ?" ಎಂದರು. ತರಬಹುದು, ಆದರೆ ಅಂಗಡಿಯಲ್ಲಿ ಸಿಗುವುದಿಲ್ಲ ಎಂದೆ. ಕಿಡ್ನಿ ಬದಲಿ ಎಂದರೇನು, ಮನೆಯವರು ಕೊಡುವುದು ಹೇಗೆ, ಅಂಗದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸುವುದು ಯಾವಾಗ, ಎಲ್ಲ ಮಾತಾಡಿದೆವು. ಇನ್ನೂ ಆ ಹಂತ ಬಂದಿಲ್ಲ.

ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಗೆ ಬರೆದುಕೊಟ್ಟೆ. ದಾರಿ ಹೇಳಲು ಹೋದರೆ ನಕ್ಕರು. ಇಪ್ಪತ್ತು ವರ್ಷದಿಂದ ಅದರ ಪಕ್ಕದ ಮಾರ್ಕೆಟ್ಟಿನಿಂದಲೇ ಹೂವು ತರುತ್ತಿದ್ದಾರೆ. ಬಿಪಿಎಲ್ ಕಾರ್ಡು ಜೊತೆಗಿಟ್ಟುಕೊಳ್ಳಿ ಎಂದಷ್ಟೇ ಹೇಳಿದೆ.

ಅಲ್ಲಿ ಸ್ಕ್ಯಾನಿಂಗ್‌ನಲ್ಲಿ ಕಲ್ಲಿಲ್ಲ, ಅಡ್ಡಿ ಇಲ್ಲ ಎಂದು ಬಂತು. ನೋವಿನ ಮಾತ್ರೆ ಪೂರ್ತಿ ಬಂದ್, ಮಂಡಿಗೆ ಪ್ಯಾರಸಿಟಮಾಲ್ ಮಾತ್ರ. ಗ್ಲಿಮೆಪಿರೈಡ್ ತೆಗೆದರು. ಇಜಿಎಫ್‌ಆರ್ 30ಕ್ಕಿಂತ ಕೆಳಗೆ ಇನ್ನೊಂದು ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕೂಡ ಬೇಡ, ಅದನ್ನೂ ತೆಗೆದರು. ಬದಲಿಗೆ ಕಿಡ್ನಿ ಕೆಟ್ಟಿದ್ದರೂ ಡೋಸ್ ಬದಲಿಸಬೇಕಿಲ್ಲದ ಲಿನಾಗ್ಲಿಪ್ಟಿನ್. ಬಿಪಿಗೆ ಮೊದಲು ಬೇರೆ ಮಾತ್ರೆ ಕೊಟ್ಟು, ಪೊಟ್ಯಾಶಿಯಂ ಇಳಿದ ಮೇಲೆ ಟೆಲ್ಮಿಸಾರ್ಟನ್ ಸಣ್ಣ ಡೋಸಿನಲ್ಲಿ ಶುರುಮಾಡಿದರು. ಇದು ಬಿಪಿ ಇಳಿಸುವುದರ ಜೊತೆಗೆ ಪ್ರೋಟೀನ್ ಸೋರುವುದನ್ನೂ ಕಮ್ಮಿ ಮಾಡುತ್ತದೆ, ಆದರೆ ಪೊಟ್ಯಾಶಿಯಂ ಏರಿಸಬಹುದು, ಹಾಗಾಗಿ ಪದೇಪದೇ ರಕ್ತ ನೋಡಬೇಕು. ಐರನ್ ನರಕ್ಕೆ, ಆಮೇಲೆ ಎರಿತ್ರೋಪೊಯೆಟಿನ್ ಇಂಜೆಕ್ಷನ್. ಹೆಪಟೈಟಿಸ್ ಬಿ ಲಸಿಕೆ. ಎರಡು ತಿಂಗಳಾದ ಮೇಲೆ ಡಪಾಗ್ಲಿಫ್ಲೋಜಿನ್ ಸೇರಿಸಿದರು. ಸಕ್ಕರೆಗೆಂದು ಬಂದ ಮಾತ್ರೆ, ಈಗ ಕಿಡ್ನಿಗೇ ಕೊಡುತ್ತಾರೆ.

ಮಾತ್ರೆಗಿಂತ ಕಷ್ಟವಾಗಿದ್ದು ನೆಂಟರು. ಕಿಡ್ನಿ ಎಂದ ತಕ್ಷಣ ಎಲ್ಲರಿಗೂ ಕಲ್ಲೇ ನೆನಪಾಗುವುದು. ಒಬ್ಬರು ಬಾಳೆದಿಂಡಿನ ರಸ ತಂದರು. ಇನ್ನೊಬ್ಬರು ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿ ಎಂದರು. ನೋಡಲು ಬಂದವರೆಲ್ಲ ಎಳನೀರು. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದು, ಆದರೆ ಎಳನೀರಿನ ತುಂಬಾ ಪೊಟ್ಯಾಶಿಯಂ. ಕಿಡ್ನಿ ಸೋತವರ ರಕ್ತದಲ್ಲಿ ಅದು ಏರಿದರೆ ಹೃದಯ ಬಡಿತ ತಪ್ಪಿ ನಿಂತೇ ಹೋಗಬಹುದು. ಸೋಡಿಯಂ ಕಮ್ಮಿ ಎಂದು ಮಾರುವ ಉಪ್ಪಿನಲ್ಲೂ ಅದೇ ಪೊಟ್ಯಾಶಿಯಂ, ಅದನ್ನೂ ಅಳಿಯ ತಂದಿಟ್ಟಿದ್ದ. ಮಾಮೂಲಿ ಉಪ್ಪನ್ನೇ ಕಮ್ಮಿ ಹಾಕಿ, ಎಲ್ಲ ಅಡುಗೆ ಸೇರಿ ದಿನಕ್ಕೆ ಒಂದು ಟೀ ಚಮಚದೊಳಗೆ ಇರಲಿ, ಉಪ್ಪಿನಕಾಯಿ ಹಪ್ಪಳ ಬೇಡ ಎಂದೆ.

ಸೊಪ್ಪಿನ ವಿಷಯಕ್ಕೆ ಜಗಳವೇ ಆಯಿತು. ಬಸ್ಸಾರು ಬಿಡಲ್ಲ ಎಂದರು. ಸೊಪ್ಪನ್ನು ಜಾಸ್ತಿ ನೀರಲ್ಲಿ ಬೇಯಿಸಿ ಬಸಿದರೆ ಪೊಟ್ಯಾಶಿಯಂನ ದೊಡ್ಡ ಪಾಲು ನೀರಿಗೆ ಹೋಗುತ್ತದೆ. ಆದರೆ ಬಸ್ಸಾರು ಮಾಡುವುದೇ ಆ ಬಸಿದ ನೀರಿನಿಂದ. ಕೊನೆಗೆ ಒಂದು ರಾಜಿ ಆಯಿತು. ಪಲ್ಯ ಇವರಿಗೆ, ಸಾರು ಮನೆಯವರಿಗೆ. "ಸಾರಿಲ್ಲದ ಬಸ್ಸಾರು" ಎಂದು ಈಗಲೂ ನನ್ನನ್ನು ಬೈಯುತ್ತಾರೆ.

ನೀರಿನ ಲೆಕ್ಕವನ್ನು ಡಾಕ್ಟರೇ ಬರೆದುಕೊಟ್ಟಿದ್ದಾರೆ, ಕಮ್ಮಿಯೂ ಅಲ್ಲ ಜಾಸ್ತಿಯೂ ಅಲ್ಲ. ಬಜಾರಿನಲ್ಲಿ ಹೋಗುವುದೆಲ್ಲಿಗೆ ಎಂಬ ಪ್ರಶ್ನೆಗೆ ನಿಂಬೆಹಣ್ಣಿನವನೇ ಒಂದು ವ್ಯವಸ್ಥೆ ಮಾಡಿದ. ಹತ್ತಿರದ ಹೋಟೆಲಿನವರು ಹಿಂದಿನ ಬಾಗಿಲಿಂದ ಬರಲು ಒಪ್ಪಿದ್ದಾರೆ, ದಿನಾ ಅವರ ದೇವರ ಫೋಟೋಗೆ ಒಂದು ಮೊಳ ಮಲ್ಲಿಗೆ ಹೋಗುತ್ತದೆ.

ಆರು ತಿಂಗಳಾಯಿತು. ಕ್ರಿಯಾಟಿನಿನ್ 2.1ಕ್ಕೆ ಇಳಿದು ನಿಂತಿದೆ, ಇಜಿಎಫ್‌ಆರ್ 27. ನೋವಿನ ಮಾತ್ರೆ ಮತ್ತು ಬಾಯಾರಿಕೆಯಿಂದ ಬಿದ್ದಿದ್ದ ಪಾಲು ವಾಪಸ್ ಬಂದಿದೆ, ಶುಗರ್ ಮತ್ತು ಬಿಪಿ ತಿಂದ ಪಾಲು ಬರುವುದಿಲ್ಲ. ಹಿಮೋಗ್ಲೋಬಿನ್ 10.6. ಬಿಪಿ 130ರ ಆಸುಪಾಸು. ಮನೆಯ ಹತ್ತಿರದ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್‌ನಲ್ಲಿ ವಾರಕ್ಕೊಮ್ಮೆ ದುಡ್ಡಿಲ್ಲದೆ ನೋಡಿಸಿಕೊಳ್ಳುತ್ತಾರೆ. ಮೂತ್ರ ಕಮ್ಮಿಯಾದರೆ, ವಾಂತಿ ಅಥವಾ ಬಿಕ್ಕಳಿಕೆ ನಿಲ್ಲದಿದ್ದರೆ, ಮಲಗಿದರೆ ಉಸಿರಾಡಲಾಗದಿದ್ದರೆ, ಮಂಪರು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ಮಗಳು ಗೋಡೆಯ ಮೇಲೆ ಬರೆದು ಅಂಟಿಸಿದ್ದಾಳೆ. ಪಂಚಾಂಗದ ಕ್ಯಾಲೆಂಡರ್ ಪಕ್ಕದಲ್ಲಿ.

ಮುಂದೆ ಡಯಾಲಿಸಿಸ್ ಬೇಕಾದರೆ ಒಂದು ತೋಳಿನ ನರ ಚೆನ್ನಾಗಿರಬೇಕು. ಹಾಗಾಗಿ ಎಡಗೈಗೆ ಸೂಜಿ ಚುಚ್ಚಿಸಿಕೊಳ್ಳಬೇಡಿ, ಬಿಪಿಯನ್ನೂ ಬಲಗೈಯಲ್ಲೇ ನೋಡಿಸಿ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಹೂವಿನಮ್ಮನಿಗೆ ಎಡ ಬಲ ಮರೆಯುತ್ತದೆಯಂತೆ, ಅದರಲ್ಲೂ ಸೂಜಿ ಕಂಡಾಗ. ಅದಕ್ಕೆ ಹೂ ಕಟ್ಟುವ ಬಾಳೆನಾರನ್ನೇ ಎಡಗೈ ಮಣಿಕಟ್ಟಿಗೆ ಸುತ್ತಿಕೊಂಡಿದ್ದಾರೆ. ಬಿಗಿಯಾಗಿ ಕಟ್ಟಬೇಡಿ ಎಂದೆ. ಬೆರಳು ತೂರಿಸಿ ತೋರಿಸಿದರು, ಸಡಿಲವಾಗಿಯೇ ಇತ್ತು. ಸಂಜೆ ಹೊತ್ತಿಗೆ ಒಣಗಿ ಕಿತ್ತುಹೋಗುತ್ತದೆ, ಮರುದಿನ ಬೆಳಿಗ್ಗೆ ಹೊಸದು.

ಮುಂದಿನ ರಕ್ತ ಪರೀಕ್ಷೆ ಲೆಕ್ಕಕ್ಕೆ ಯುಗಾದಿಯ ವಾರ ಬರುತ್ತದೆ. ಆ ವಾರ ಸಾಧ್ಯವೇ ಇಲ್ಲ ಎಂದರು. ಹಾಗಾದರೆ ಒಂದು ವಾರ ಮುಂಚೆ ಎಂದೆ. ಮದುವೆ ಸೀಸನ್ ಎಂದರು. ಬೆಳಗಿನ ಜಾವ ಹೂವು ಕೊಂಡು, ನಿಂಬೆಹಣ್ಣಿನವನ ಕೈಲಿ ಬುಟ್ಟಿ ಕಳಿಸಿ, ಅಲ್ಲೇ ವಿಕ್ಟೋರಿಯಾದಲ್ಲಿ ಕೂತಿದ್ದು ರಕ್ತ ಕೊಟ್ಟು ಬರುವುದೆಂದು ಮಾತಾಗಿದೆ. ಬಲಗೈಯಿಂದ.